ಉಂಡವರ ಹೊಣೆ, ಉಣಿಸಿದವರ ಹೊಣೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಮುಂಗಾರು ಕಾಲಿಟ್ಟಿತೆಂದರೆ ಶಾಲಾ ಕ್ರೀಡಾಕೂಟಗಳ ಕಾಲವೂ ಬಂದಿತೆಂದೇ ಲೆಕ್ಕ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ವಿಭಾಗದಿಂದ ರಾಜ್ಯಕ್ಕೆ – ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ವ್ಯವಸ್ಥೆ ಅದು. ಸುಣ್ಣದ ಪುಡಿಯಿಂದ ಎಳೆದ ಗೆರೆಗಳು, ಬರಿಗಾಲಿನಲ್ಲಿ ನಿಂತ ಓಟಗಾರರು, ದೈಹಿಕ ಶಿಕ್ಷಕರ ಸೀಟಿ, ಮೈದಾನದ ಅಂಚಿನಲ್ಲಿ ಗ್ಲೂಕೋಸ್ ಪುಡಿಯ ಡಬ್ಬಿ. ಓಟಕ್ಕೆ ಮುನ್ನ ಶಿಕ್ಷಕರು ಅಂಗೈಗೆ ಸುರಿದ ಬಿಳಿಯ ಪುಡಿಯನ್ನು ಕಂಡು ಯಾವ ಮಗುವೂ 'ಇದೇನು?' ಎಂದು ಕೇಳುವುದಿಲ್ಲ. ಬಾಯಿಗೆ ಹಾಕಿಕೊಂಡು ಗೆರೆಯ ಬಳಿಗೆ ಓಡುತ್ತದೆ. ಕೇಳಬೇಕಾದ ಅಗತ್ಯವೂ ಅಲ್ಲಿಲ್ಲ. ಗುರುವಿನ ಕೈಯಿಂದ ಬಂದದ್ದು ಒಳ್ಳೆಯದೇ ಆಗಿರುತ್ತದೆ ಎಂಬ ನಂಬಿಕೆಯೇ ಹಳ್ಳಿಗಾಡಿನ ಕ್ರೀಡೆಯ ಬಂಡವಾಳ.

ಆದರೆ ಮೆಟ್ಟಿಲುಗಳನ್ನು ಏರುತ್ತ ಹೋದಂತೆ ಒಂದು ಹಂತದಲ್ಲಿ ಈ ನಂಬಿಕೆ ಕಾನೂನಿನ ಎದುರಿಗೆ ಬಂದು ನಿಲ್ಲುತ್ತದೆ. ಅಂತರರಾಷ್ಟ್ರೀಯ ಕ್ರೀಡಾ ಕಾನೂನು ಹೇಳುವ ಮಾತು ಬಹಳ ಸರಳ, ಅಷ್ಟೇ ಕಠಿಣ. ಕ್ರೀಡಾಪಟುವಿನ ದೇಹದಲ್ಲಿ ನಿಷೇಧಿತ ಮದ್ದು ಸಿಕ್ಕಿದರೆ ಅದಕ್ಕೆ ಆ ಕ್ರೀಡಾಪಟುವೇ ಹೊಣೆ. ಯಾರು ಕೊಟ್ಟರು, ಏನೆಂದು ಹೇಳಿ ಕೊಟ್ಟರು, ತಿಳಿದು ತಿಂದದ್ದೋ ತಿಳಿಯದೆ ತಿಂದದ್ದೋ – ನಿಯಮಭಂಗ ನಡೆದಿದೆಯೆಂದು ತೀರ್ಮಾನಿಸಲು ಇವು ಯಾವುವೂ ಬೇಕಿಲ್ಲ. ಶಿಕ್ಷೆಯ ಪ್ರಮಾಣವನ್ನು ಅಳೆಯುವಾಗ ಮಾತ್ರ ಅವು ಲೆಕ್ಕಕ್ಕೆ ಬರುತ್ತವೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ಕನ್ನಡಿಗರೆಲ್ಲರೂ ಬಲ್ಲರು. ಕ್ರೀಡಾ ಕಾನೂನು ಆ ಗಾದೆಯನ್ನು ಅಕ್ಷರಶಃ ಜಾರಿಗೆ ತಂದಿದೆ. ಉಪ್ಪನ್ನು ಸಕ್ಕರೆಯೆಂದು ನಂಬಿಸಿ ತಿನ್ನಿಸಿದವರ ಗತಿಯೇನೆಂಬುದನ್ನು ಗಾದೆ ಹೇಳುವುದಿಲ್ಲ. ಕಾನೂನು ಹೇಳುತ್ತದೆ, ಆದರೆ ಮೆಲುದನಿಯಲ್ಲಿ.

ಕರ್ನಾಟಕಕ್ಕೆ ಈ ಮಾತಿನ ಬಿಸಿ ತಟ್ಟಿದ್ದು 2011ರಲ್ಲಿ. ಉಡುಪಿ ಜಿಲ್ಲೆಯ ಸಿದ್ದಾಪುರದ ಬಳಿಯ ಜನ್ಸಾಲೆಯ ಕೃಷಿಕ ಕುಟುಂಬದ ಮಗಳು ಅಶ್ವಿನಿ ಅಕ್ಕುಂಜಿ ಅದರ ಹಿಂದಿನ ವರ್ಷವಷ್ಟೇ ನಾಡಿನ ಮನೆಮಾತಾಗಿದ್ದರು. 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ 4×400 ಮೀಟರ್ ರಿಲೇಯಲ್ಲಿ ಚಿನ್ನ; ನವೆಂಬರಿನಲ್ಲಿ ಚೀನಾದ ಗುವಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು 56.15 ಸೆಕೆಂಡುಗಳಲ್ಲಿ ಮುಗಿಸಿ ಮತ್ತೊಂದು ಚಿನ್ನ. ಅಲ್ಲಿಯೇ ರಿಲೇಯಲ್ಲಿ ಮಗದೊಂದು. ಕರಾವಳಿಯ ಒಂದು ಮೂಲೆಯಿಂದ ಬಂದ ಹುಡುಗಿ ಏಷ್ಯಾ ಖಂಡದ ಮುಂಚೂಣಿಯಲ್ಲಿ ನಿಂತದ್ದನ್ನು ಕಂಡು ಹಳ್ಳಿಗಳ ಶಾಲೆಗಳಲ್ಲಿ ಎಷ್ಟೋ ಮಕ್ಕಳು ಹುರುಪುಗೊಂಡಿದ್ದರು.

ಮರುವರ್ಷದ ನಡುಭಾಗದಲ್ಲಿ, ಸ್ಪರ್ಧೆಯಿಲ್ಲದ ದಿನ ತೆಗೆದುಕೊಂಡ ಅವರ ಮೂತ್ರದ ಮಾದರಿಯಲ್ಲಿ ಅನಬಾಲಿಕ್ ಸ್ಟೀರಾಯ್ಡ್ ಎಂಬ ಬಗೆಯ ಮದ್ದು ಪತ್ತೆಯಾಯಿತು. ಸಿಕ್ಕಿಬಿದ್ದವರು ಅವರೊಬ್ಬರೇ ಅಲ್ಲ; ದೆಹಲಿಯಲ್ಲಿ ಚಿನ್ನ ಗೆದ್ದ ರಿಲೇ ತಂಡದ ನಾಲ್ವರಲ್ಲಿ ಮೂವರು ಆ ಪಟ್ಟಿಯಲ್ಲಿದ್ದರು. ಓಟಗಾರ್ತಿಯರ ಸಮಜಾಯಿಷಿ ಒಂದೇ ಆಗಿತ್ತು: ತಾವು ಬೇಕೆಂದು ಯಾವ ಮದ್ದನ್ನೂ ತೆಗೆದುಕೊಂಡಿಲ್ಲ, ಚೀನಾದಿಂದ ತಂದ ಜಿನ್ಸೆಂಗ್ ಎಂಬ ಬೇರಿನ ಶಕ್ತಿವರ್ಧಕವನ್ನು ಉಕ್ರೇನ್ ದೇಶದ ತರಬೇತುದಾರರು ಕೊಟ್ಟಿದ್ದರು, ಅದನ್ನು ನಂಬಿ ಸೇವಿಸಿದೆವು. ಕೇಂದ್ರ ಸರ್ಕಾರ ಆ ತರಬೇತುದಾರರನ್ನು ಕೆಲಸದಿಂದ ತೆಗೆಯಿತು. 2011ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ, ಅಂದರೆ ನಾಡಾದ, ಶಿಸ್ತು ಸಮಿತಿಯು ಓಟಗಾರ್ತಿಯರಲ್ಲಿ ವಂಚನೆಯ ಉದ್ದೇಶವಿರಲಿಲ್ಲವೆಂದು ಒಪ್ಪಿ, ಎರಡು ವರ್ಷಗಳ ನಿಷೇಧಕ್ಕೆ ಬದಲಾಗಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟಕ್ಕೆ ಅದು ಒಪ್ಪಿಗೆಯಾಗಲಿಲ್ಲ. ವಿವಾದವು ಸ್ವಿಟ್ಜರ್ಲೆಂಡಿನ ಲೂಸಾನ್ ನಗರದಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದ ಮೆಟ್ಟಿಲೇರಿತು. 2012ರಲ್ಲಿ ಆ ನ್ಯಾಯಾಲಯ ನಿಷೇಧವನ್ನು ಎರಡು ವರ್ಷಗಳಿಗೆ ಏರಿಸಿತು. ತರಬೇತುದಾರರನ್ನು ನಂಬಿದ್ದು ಶಿಕ್ಷೆಯನ್ನು ಇಳಿಸಲು ಸಾಕಾಗುವ ಕಾರಣವಲ್ಲ ಎಂಬುದೇ ಅದರ ತಿರುಳು. ಲಂಡನ್ ಒಲಿಂಪಿಕ್ಸ್ ಆ ಎರಡು ವರ್ಷಗಳ ನಡುವೆಯೇ ಕಳೆದುಹೋಯಿತು.

ಹಳ್ಳಿಯ ಪಂಚಾಯಿತಿ ಕಟ್ಟೆಯ ಮೇಲೆ ಈ ಪ್ರಕರಣ ಬಂದಿದ್ದರೆ ತೀರ್ಪು ಬೇರೆಯಾಗಿರುತ್ತಿತ್ತೇನೋ. 'ಕೊಟ್ಟವನನ್ನು ಕರೆಸಿ, ಹುಡುಗಿಯನ್ನು ಬಿಡಿ' ಎಂದು ಹಿರಿಯರು ಹೇಳುತ್ತಿದ್ದರು. ಆ ಮಾತಿನಲ್ಲಿ ಕರುಣೆಯಿದೆ, ತಕ್ಕಮಟ್ಟಿಗೆ ನ್ಯಾಯವೂ ಇದೆ. ಆದರೂ ಲೂಸಾನಿನ ನ್ಯಾಯಾಲಯ ಹಿಡಿದ ದಾರಿಯೇ ಸರಿಯೆಂದು ಒಪ್ಪಬೇಕಾಗುತ್ತದೆ. ಅದಕ್ಕೆ ಕಾರಣವನ್ನು ಪಕ್ಕದ ಗೆರೆಯಲ್ಲಿ ಓಡುತ್ತಿರುವವರ ಕಡೆಯಿಂದ ನೋಡಬೇಕು.

ಕ್ರೀಡೆಯಲ್ಲಿ ಮದ್ದಿನ ಬಳಕೆ ಹೊಸದಲ್ಲ. 1928ರಲ್ಲಿಯೇ ಅಥ್ಲೆಟಿಕ್ಸ್ ಒಕ್ಕೂಟ ಅದನ್ನು ನಿಷೇಧಿಸಿತ್ತು. ಆದರೆ ಪರೀಕ್ಷೆಯಿಲ್ಲದ ನಿಷೇಧ ಬೇಲಿಯಿಲ್ಲದ ಹೊಲದಂತಿತ್ತು. 1967ರ ಜುಲೈ ತಿಂಗಳಿನಲ್ಲಿ ಫ್ರಾನ್ಸಿನ ಸೈಕಲ್ ಪಂದ್ಯದಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ಬಿಸಿಲಿನಲ್ಲಿ ಬೆಟ್ಟವನ್ನು ಏರುತ್ತಿದ್ದಾಗ ಕುಸಿದು ಬಿದ್ದು ಸತ್ತರು. ಅವರ ದೇಹದಲ್ಲಿ ಆಂಫೆಟಮಿನ್ ಎಂಬ ಉದ್ದೀಪನ ಮದ್ದು ಇತ್ತು. ದಣಿವು ಎಂಬುದು ದೇಹವು ತನ್ನನ್ನು ಕಾಪಾಡಿಕೊಳ್ಳಲು ಕೂಗುವ ಕೂಗು. ಆ ಮದ್ದು ಕೂಗನ್ನು ಅಡಗಿಸುತ್ತದೆ, ಅಪಾಯವನ್ನಲ್ಲ. ಮರುವರ್ಷದ ಒಲಿಂಪಿಕ್ಸಿನಿಂದ ಪರೀಕ್ಷೆಗಳು ಆರಂಭವಾದವು. 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಮೊದಲು ಸಿಕ್ಕಿಬಿದ್ದ ಸ್ವೀಡನ್ನಿನ ಕ್ರೀಡಾಪಟುವಿನ ದೇಹದಲ್ಲಿ ಸಿಕ್ಕಿದ್ದು ಮದ್ಯ ಎಂದರೆ ಇಂದಿನವರಿಗೆ ನಗು ಬರಬಹುದು. 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಆ ನಗುವೂ ಉಳಿಯಲಿಲ್ಲ. ನೂರು ಮೀಟರನ್ನು 9.79 ಸೆಕೆಂಡುಗಳಲ್ಲಿ ಓಡಿ ಜಗತ್ತನ್ನು ಬೆರಗುಗೊಳಿಸಿದ ಕೆನಡಾದ ಬೆನ್ ಜಾನ್ಸನ್ ಮೂರೇ ದಿನಗಳಲ್ಲಿ ಪದಕ ಕಳೆದುಕೊಂಡು ಮನೆಗೆ ಹೊರಟರು.

ಇಂಥವರೆಲ್ಲ ವಿಚಾರಣೆಯ ಮುಂದೆ ಮೊದಲು ಹೇಳುವ ಮಾತು 'ನನಗೆ ಗೊತ್ತಿರಲಿಲ್ಲ' ಎಂಬುದೇ. ಅವರಲ್ಲಿ ಕೆಲವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಆದರೆ ಯಾರ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಯಂತ್ರವನ್ನು ಯಾವ ಪ್ರಯೋಗಾಲಯವೂ ಇನ್ನೂ ಕಂಡುಹಿಡಿದಿಲ್ಲ. ಗೊತ್ತಿರಲಿಲ್ಲವೆಂದವರನ್ನೆಲ್ಲ ಬಿಡುತ್ತ ಹೋದರೆ, ಗೊತ್ತಿದ್ದವರೂ ಅದೇ ಮಾತನ್ನು ಕಲಿತು ಬರುತ್ತಾರೆ. ಆಗ ಸೋಲುವವರು ಯಾರು? ಯಾವ ಮದ್ದನ್ನೂ ಮುಟ್ಟದೆ, ಬೆಳಿಗ್ಗೆ ಐದಕ್ಕೆ ಎದ್ದು ಓಡಿ, ಮುದ್ದೆ ಸಾರು ಉಂಡು ಗೆರೆಯ ಮೇಲೆ ಬಂದು ನಿಂತವರು. ಪಕ್ಕದವರು ತಿಳಿದು ತಿಂದಿದ್ದರೂ, ತಿಳಿಯದೆ ತಿಂದಿದ್ದರೂ ಅವರಿಗಾಗುವ ಅನ್ಯಾಯ ಒಂದೇ.

ಇದಕ್ಕೆ ಕನ್ನಡನಾಡಿನದೇ ಉದಾಹರಣೆಯಿದೆ. ಕೊಡಗು ಮೂಲದ, ಮಂಗಳೂರಿನಲ್ಲಿ ಓದಿ ಬೆಳೆದ ಎಂ. ಆರ್. ಪೂವಮ್ಮ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಮಿಶ್ರ ರಿಲೇ ತಂಡದಲ್ಲಿ ಓಡಿದ್ದರು. ಚಿನ್ನ ಬಹ್ರೇನಿಗೆ ಹೋಯಿತು, ಭಾರತಕ್ಕೆ ಬೆಳ್ಳಿ. ಬಹ್ರೇನಿನ ಓಟಗಾರ್ತಿಯೊಬ್ಬರು ಸ್ಟೀರಾಯ್ಡ್ ಸೇವಿಸಿದ್ದರೆಂಬುದು ಆಮೇಲೆ ರುಜುವಾತಾಗಿ ಅವರ ಫಲಿತಾಂಶಗಳು ರದ್ದಾದವು. 2020ರಲ್ಲಿ, ಕೂಟ ಮುಗಿದ ಎರಡು ವರ್ಷಗಳ ಬಳಿಕ, ಆ ಬೆಳ್ಳಿ ಚಿನ್ನವಾಯಿತು. ನಿಯಮ ಕಟ್ಟುನಿಟ್ಟಾಗಿದ್ದುದರಿಂದ ದೊರೆತ ಚಿನ್ನವದು. ಆದರೂ ಪದಕವೇದಿಕೆಯ ಮೇಲೆ ನಿಂತು ರಾಷ್ಟ್ರಗೀತೆ ಕೇಳುವ ಆ ಒಂದು ಗಳಿಗೆಯನ್ನು ಯಾವ ನ್ಯಾಯಾಲಯವೂ ಮರಳಿಸಲಾರದು.

ಕಥೆ ಅಲ್ಲಿಗೇ ನಿಂತಿದ್ದರೆ ಹೇಳುವುದು ಸುಲಭವಾಗುತ್ತಿತ್ತು. 2021ರ ಫೆಬ್ರವರಿಯಲ್ಲಿ ಪೂವಮ್ಮನವರದೇ ಮಾದರಿಯಲ್ಲಿ ಮೀಥೈಲ್‌ಹೆಕ್ಸಾನಮೈನ್ ಎಂಬ ಉದ್ದೀಪನ ಮದ್ದು ಕಂಡುಬಂದಿತು. ಶಕ್ತಿವರ್ಧಕವೆಂದು ಮಾರುವ ಪುಡಿಗಳಲ್ಲಿ ಲೋಕದಾದ್ಯಂತ ಮೇಲಿಂದ ಮೇಲೆ ಸಿಕ್ಕುವ ಮದ್ದು ಅದು. ಶಿಸ್ತು ಸಮಿತಿ ಮೂರು ತಿಂಗಳ ನಿಷೇಧ ಸಾಕೆಂದಿತು. 2022ರಲ್ಲಿ ಮೇಲ್ಮನವಿ ಸಮಿತಿ ಅದನ್ನು ಎರಡು ವರ್ಷಗಳಿಗೆ ಏರಿಸಿತು. ಒಬ್ಬರೇ ಕ್ರೀಡಾಪಟು ಒಂದೇ ನಿಯಮದ ಎರಡು ಮುಖಗಳನ್ನೂ ಕಂಡಂತಾಯಿತು.

ಈ ನಿಯಮ ಯಾರ ಕೈಯಲ್ಲಿದೆಯೆಂಬುದನ್ನು ಸಂಕ್ಷೇಪವಾಗಿ ತಿಳಿಯುವುದೊಳ್ಳೆಯದು. 1999ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಜನ ಕರೆಯುವಂತೆ ವಾಡಾ, ಸ್ಥಾಪನೆಯಾಯಿತು. ಅದು ರೂಪಿಸಿದ ಸಂಹಿತೆ 2004ರಿಂದ ಜಾರಿಗೆ ಬಂದಿತು. ದೇಶಗಳ ಸರ್ಕಾರಗಳು ಖಾಸಗಿ ಸಂಸ್ಥೆಯೊಂದರ ನಿಯಮಕ್ಕೆ ನೇರವಾಗಿ ಸಹಿ ಹಾಕಲು ಬರುವುದಿಲ್ಲವಾದ್ದರಿಂದ, 2005ರಲ್ಲಿ ಯುನೆಸ್ಕೋದ ಮೂಲಕ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ 2007ರಲ್ಲಿ ಅದನ್ನು ಅನುಮೋದಿಸಿತು. ನಾಡಾ 2009ರಿಂದ ಪೂರ್ಣವಾಗಿ ಕೆಲಸ ಆರಂಭಿಸಿತು, 2022ರಲ್ಲಿ ಸಂಸತ್ತು ಅದಕ್ಕೊಂದು ಕಾಯಿದೆಯ ಬಲವನ್ನೂ ಕೊಟ್ಟಿತು. ಹೀಗೆ ಲೂಸಾನ್, ಮಾಂಟ್ರಿಯಲ್, ಪ್ಯಾರಿಸ್, ದೆಹಲಿ ಎಂದು ಹರಡಿಕೊಂಡಿರುವ ಈ ಕಾನೂನು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಪರದೇಶಕ್ಕೆ ಹಾರುವ ಆಟಗಾರರನ್ನೂ, ಅದೇ ನಿಲ್ದಾಣದ ಆಚೆಯ ಹಳ್ಳಿಯಿಂದ ರಾಷ್ಟ್ರಮಟ್ಟಕ್ಕೆ ಆಯ್ಕೆಯಾದ ಶಾಲಾ ಬಾಲಕಿಯನ್ನೂ ಏಕರೀತಿಯಲ್ಲಿ ಹಿಡಿಯುತ್ತದೆ.

ಪರೀಕ್ಷೆಯ ಕ್ರಮವೂ ಅಷ್ಟೇ ಕಟ್ಟುನಿಟ್ಟು. ಮುದ್ರೆಯೊತ್ತಿದ ಹಲವು ಪೆಟ್ಟಿಗೆಗಳಲ್ಲಿ ತನಗೆ ಬೇಕಾದುದನ್ನು ಕ್ರೀಡಾಪಟುವೇ ಆರಿಸಿಕೊಳ್ಳಬೇಕು. ಹೆಣ್ಣುಮಕ್ಕಳ ಮಾದರಿಗೆ ಮಹಿಳಾ ಅಧಿಕಾರಿಯೇ ಸಾಕ್ಷಿಯಾಗಿರಬೇಕು. ಕನಿಷ್ಠ 90 ಮಿಲಿಲೀಟರ್ ಮೂತ್ರವನ್ನು 'ಎ' ಮತ್ತು 'ಬಿ' ಎಂಬ ಎರಡು ಸೀಸೆಗಳಿಗೆ ಹಂಚಿ, ಕ್ರೀಡಾಪಟುವಿನ ಕಣ್ಣೆದುರಿಗೇ ಮುಚ್ಚಿ ಮುದ್ರೆ ಹಾಕುತ್ತಾರೆ. ಪ್ರಯೋಗಾಲಯಕ್ಕೆ ಹೋಗುವುದು ಸಂಖ್ಯೆ ಮಾತ್ರ, ಹೆಸರಲ್ಲ. 'ಎ' ಸೀಸೆಯಲ್ಲಿ ದೋಷ ಕಂಡರೆ 'ಬಿ' ಸೀಸೆಯನ್ನೂ ತೆರೆದು ನೋಡಿರೆಂದು ಕೇಳುವ, ತೆರೆಯುವಾಗ ಎದುರಿಗಿರುವ ಹಕ್ಕು ಕ್ರೀಡಾಪಟುವಿಗಿದೆ. ಅಗ್ರಪಂಕ್ತಿಯ ಕ್ರೀಡಾಪಟುಗಳು ಇನ್ನೂ ಒಂದು ಕಟ್ಟಿಗೆ ಒಳಗಾಗಿರುತ್ತಾರೆ. ಪ್ರತಿದಿನವೂ ಒಂದು ಗಂಟೆಯ ಕಾಲ ತಾವು ಎಲ್ಲಿ ಸಿಗುತ್ತೇವೆಂಬುದನ್ನು ಮುಂದಾಗಿಯೇ ತಿಳಿಸಿರಬೇಕು. ಹನ್ನೆರಡು ತಿಂಗಳಲ್ಲಿ ಮೂರು ಬಾರಿ ತಪ್ಪಿದರೆ ಮದ್ದು ಸಿಗದಿದ್ದರೂ ಅದು ಅಪರಾಧ. ಅಜ್ಜಿಯ ಊರಿಗೆ ಹಬ್ಬಕ್ಕೆ ಹೋಗುವವರೂ ಅಧಿಕಾರಿಗಳಿಗೆ ತಿಳಿಸಿ ಹೋಗಬೇಕೆಂದರೆ ಈ ಕಟ್ಟಿನ ಬಿಗಿ ಅರ್ಥವಾದೀತು.

ಇಷ್ಟೆಲ್ಲ ಎಚ್ಚರಿಕೆ ಇರುವುದು ತಿಂದವರನ್ನು ಹಿಡಿಯಲು. ತಿನ್ನಿಸಿದವರನ್ನು ಹಿಡಿಯಲು ಏನಿದೆ?

ಕುದುರೆ ಪಂದ್ಯದ ನಿಯಮ ಇಲ್ಲಿ ಒಂದು ವಿಚಿತ್ರ ಹೋಲಿಕೆಯನ್ನು ಒದಗಿಸುತ್ತದೆ. ಮನುಷ್ಯರಿಗಿಂತ ಮೊದಲು ಮದ್ದಿನ ಪರೀಕ್ಷೆಗೆ ಒಳಗಾದದ್ದು ಕುದುರೆಗಳೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಯುರೋಪಿನಲ್ಲಿ ಅವುಗಳ ಜೊಲ್ಲನ್ನು ಪರೀಕ್ಷಿಸುತ್ತಿದ್ದರು. ಗೆದ್ದ ಕುದುರೆಯ ದೇಹದಲ್ಲಿ ಮದ್ದು ಸಿಕ್ಕಿದರೆ ಗೆಲುವು ರದ್ದಾಗುತ್ತದೆ, ಉತ್ತರ ಹೇಳಬೇಕಾದವರು ಮಾತ್ರ ಅದನ್ನು ಪಳಗಿಸಿದವರು. ಬೆಂಗಳೂರಿನ ಪಂದ್ಯವೊಂದರಲ್ಲಿ ಗೆದ್ದ ಕುದುರೆಯ ಮಾದರಿಯಲ್ಲಿ 2017ರಲ್ಲಿ ನಿಷೇಧಿತ ಮದ್ದು ಕಂಡಾಗಲೂ ಪ್ರಶ್ನೆ ಎದ್ದದ್ದು ಅದನ್ನು ನೋಡಿಕೊಳ್ಳುತ್ತಿದ್ದವರ ಮೇಲೆ. ಬಾಯಿಲ್ಲದ ಪ್ರಾಣಿ 'ಇದೇನು?' ಎಂದು ಕೇಳಲಾರದು ಎಂಬುದು ಎಲ್ಲರಿಗೂ ಗೊತ್ತು. ಮನುಷ್ಯರಿಗೆ ಬಾಯಿದೆ, ಆದ್ದರಿಂದ ಕೇಳಬೇಕು ಎಂಬುದು ಕಾನೂನಿನ ನಿರೀಕ್ಷೆ. ನ್ಯಾಯವಾದ ನಿರೀಕ್ಷೆಯೇ. ಆದರೆ ಗುರುಗಳ ಎದುರು ಬಾಯಿ ತೆರೆಯಬಾರದೆಂದು ಹೇಳಿ ಬೆಳೆಸಿದ ಮಗುವಿನಿಂದ ಅದನ್ನು ನಿರೀಕ್ಷಿಸುವುದು ಎಷ್ಟು ಸುಲಭ?

2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ರುಮೇನಿಯಾದ ಜಿಮ್ನಾಸ್ಟ್ ಆಂಡ್ರಿಯಾ ರಾಡುಕಾನ್ ಎಂಬ ಹದಿನಾರರ ಹುಡುಗಿಗೆ ನೆಗಡಿಯಾಗಿತ್ತು. ತಂಡದ ವೈದ್ಯರು ಕೊಟ್ಟ ಮಾತ್ರೆಯನ್ನು ನುಂಗಿದಳು. ಅದರಲ್ಲಿ ಅಂದು ನಿಷೇಧದ ಪಟ್ಟಿಯಲ್ಲಿದ್ದ ಸ್ಯೂಡೋಎಫಿಡ್ರಿನ್ ಇತ್ತು. ಸರ್ವಾಂಗೀಣ ಸ್ಪರ್ಧೆಯಲ್ಲಿ ಗೆದ್ದ ಚಿನ್ನ ಹೋಯಿತು. ಹುಡುಗಿಯ ತಪ್ಪಿಲ್ಲವೆಂದು ಎಲ್ಲರೂ ಮರುಗಿದರು. ನ್ಯಾಯಾಲಯ ಮಾತ್ರ ಪದಕವನ್ನು ಮರಳಿ ಕೊಡಲಿಲ್ಲ. ಆ ವೈದ್ಯರನ್ನು ಮುಂದಿನ ಒಲಿಂಪಿಕ್ಸುಗಳಿಂದ ಹೊರಗಿಟ್ಟರು. ಅಲ್ಲಿ ಕೊಟ್ಟ ಕೈ ಯಾವುದೆಂದು ಗೊತ್ತಿತ್ತು, ಕೊಟ್ಟವರೂ ಒಪ್ಪಿಕೊಂಡಿದ್ದರು. ಎಲ್ಲ ಕಡೆಯೂ ಹಾಗಾಗುವುದಿಲ್ಲ.

ಉಣಿಸಿದವರ ಹೊಣೆ ಕಾನೂನಿನ ಪುಸ್ತಕದಲ್ಲಿ ಇಲ್ಲದೆ ಇಲ್ಲ. ಮದ್ದು ಕೊಟ್ಟವರು, ಮಾರಿದವರು, ಬಚ್ಚಿಟ್ಟವರು – ತರಬೇತುದಾರರಾಗಲಿ, ವೈದ್ಯರಾಗಲಿ, ತಂದೆತಾಯಿಯರೇ ಆಗಲಿ – ಶಿಕ್ಷೆಗೆ ಅರ್ಹರು. ಹದಿನಾರು ವರ್ಷ ತುಂಬದ ಮಕ್ಕಳನ್ನು 2021ರ ಸಂಹಿತೆ ಸಂರಕ್ಷಿತರೆಂದು ಕರೆಯುತ್ತದೆ. ಅವರದು ಗುರುತರವಾದ ತಪ್ಪಲ್ಲವೆಂದು ಕಂಡರೆ ಬರಿಯ ಎಚ್ಚರಿಕೆಯೊಂದಿಗೆ ಬಿಡಲೂಬಹುದು. ಅವರ ಸುತ್ತಲಿನ ಹಿರಿಯರ ಮೇಲೆ ತನಿಖೆ ನಡೆಯಲೇಬೇಕು. ಅಂಥ ಮಗುವಿಗೆ ಸ್ಟೀರಾಯ್ಡಿನಂಥ ಮದ್ದು ಕೊಟ್ಟ ತರಬೇತುದಾರರಿಗೆ ಆಜೀವ ನಿಷೇಧ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಲ್ಲಿ ಬಹುತೇಕರು ಈ ಸಂರಕ್ಷಣೆಯೊಳಗೇ ಬರುತ್ತಾರೆ. ಪುಸ್ತಕದಲ್ಲಿ ಇದಕ್ಕಿಂತ ಗಟ್ಟಿಯಾದ ಮಾತನ್ನು ಬರೆಯುವುದು ಕಷ್ಟ.

ತೊಡಕಿರುವುದು ಸಾಕ್ಷ್ಯದಲ್ಲಿ. ತಿಂದವರ ವಿರುದ್ಧ ಅವರ ದೇಹವೇ ಸಾಕ್ಷಿ ಹೇಳುತ್ತದೆ. ಒಂದು ಸೀಸೆ ಸಾಕು. ತಿನ್ನಿಸಿದವರ ವಿರುದ್ಧ ಹೇಳಲು ಯಾವ ಸೀಸೆಯೂ ಇರುವುದಿಲ್ಲ. ಪುಡಿ ಮುಗಿದಿರುತ್ತದೆ, ಡಬ್ಬಿ ಕಸಕ್ಕೆ ಹೋಗಿರುತ್ತದೆ, ಮಾತು ಗಾಳಿಯಲ್ಲಿ ಕರಗಿರುತ್ತದೆ. ಪೂರ್ವ ಜರ್ಮನಿಯಲ್ಲಿ ಹೀಗೆಯೇ ಆಯಿತು. 1970ರ ದಶಕದಲ್ಲಿ ಆ ಸರ್ಕಾರ ತನ್ನ ಕ್ರೀಡಾಪಟುಗಳಿಗೆ, ಹದಿಹರೆಯದ ಹೆಣ್ಣುಮಕ್ಕಳಿಗೂ ಸಹ, ವಿಟಮಿನ್ ಎಂದು ಹೇಳಿ ನೀಲಿ ಮಾತ್ರೆಗಳನ್ನು ನುಂಗಿಸಿತು. ಅವು ಸ್ಟೀರಾಯ್ಡ್ ಮಾತ್ರೆಗಳು. ಹುಡುಗಿಯರ ದನಿ ಗಡಸಾಯಿತು, ಮೈಮೇಲೆ ಕೂದಲು ಬೆಳೆಯಿತು, ಎಷ್ಟೋ ಜನರ ಯಕೃತ್ತು ಹಾಳಾಯಿತು. ಆ ಸರ್ಕಾರ ತಾನೇ ಗುಟ್ಟಾಗಿ ಬರೆದಿಟ್ಟಿದ್ದ ಕಾಗದಪತ್ರಗಳು ದೇಶಗಳು ಒಂದಾದ ಮೇಲೆ ಬೆಳಕಿಗೆ ಬಾರದೆ ಹೋಗಿದ್ದರೆ ಅಪರಾಧಿಗಳು ಎಂದೂ ಸಿಗುತ್ತಿರಲಿಲ್ಲ. 2000ದಲ್ಲಿ ಬರ್ಲಿನ್ನಿನ ನ್ಯಾಯಾಲಯ ಆ ದೇಶದ ಕ್ರೀಡಾ ಮುಖ್ಯಸ್ಥನನ್ನೂ ಹಿರಿಯ ವೈದ್ಯನನ್ನೂ ತಪ್ಪಿತಸ್ಥರೆಂದಿತು. ಜೈಲುಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು; ಇಬ್ಬರೂ ಮನೆಗೆ ಹೋದರು. ಹಾಗಾದರೆ ಕೊಟ್ಟವರನ್ನು ಹಿಡಿದದ್ದು ಕಾಗದ, ಬೇರೇನೂ ಅಲ್ಲ ಎಂಬುದನ್ನು ಗಮನಿಸಬೇಕು.

ಭಾರತದ ಇಂದಿನ ಸ್ಥಿತಿ ಸಮಾಧಾನ ತರುವಂಥದಲ್ಲ. 2024ರಲ್ಲಿ ಪರೀಕ್ಷಿಸಿದ 7,113 ಮಾದರಿಗಳಲ್ಲಿ 260ರಲ್ಲಿ ನಿಷೇಧಿತ ಮದ್ದು ಸಿಕ್ಕಿತೆಂದು ವಾಡಾದ ಲೆಕ್ಕ ಹೇಳುತ್ತದೆ. ನೂರಕ್ಕೆ ಮೂರೂವರೆಗಿಂತ ಹೆಚ್ಚು. ಇಷ್ಟೊಂದು ಪರೀಕ್ಷೆ ನಡೆಸುವ ದೇಶಗಳಲ್ಲಿ ಇದೇ ಅತಿ ಹೆಚ್ಚಿನ ಪ್ರಮಾಣ. ಈ 260ರಲ್ಲಿ ತಿಳಿದು ತಿಂದವರೆಷ್ಟು, ನಂಬಿ ತಿಂದವರೆಷ್ಟು ಎಂದು ಅಂಕಿಗಳು ಹೇಳಲಾರವು. ತಾಲ್ಲೂಕು ಕೇಂದ್ರಗಳಲ್ಲಿ ಸಹ ಈಗ ವ್ಯಾಯಾಮಶಾಲೆಗಳಿವೆ, ಅವುಗಳ ಗಾಜಿನ ಕಪಾಟಿನಲ್ಲಿ ದೊಡ್ಡ ದೊಡ್ಡ ಡಬ್ಬಿಗಳಿವೆ. ಡಬ್ಬಿಯ ಮೇಲೆ ಬರೆಯದ ವಸ್ತು ಒಳಗೆ ಬೆರೆತಿರುವುದು ಲೋಕದಲ್ಲಿ ಮೇಲಿಂದ ಮೇಲೆ ಕಂಡುಬಂದಿದೆ. ಕ್ರೀಡಾ ಸಂಸ್ಥೆಗಳಲ್ಲಿ ಕೆಲಸ ಸಿಗಬೇಕು, ಕೃಪಾಂಕ ಸಿಗಬೇಕು, ಪೊಲೀಸ್ ಆಯ್ಕೆಯ ಓಟ ಗೆಲ್ಲಬೇಕು – ಬಡ ಮನೆಗಳ ಈ ಆಸೆಗಳನ್ನು ಬಲ್ಲವರು ಅಂಥ ಡಬ್ಬಿಗಳನ್ನು ಸುಲಭವಾಗಿ ಮಾರುತ್ತಾರೆ. ಡಬ್ಬಿಯೂ ಬೇಕಾಗಿಲ್ಲ, ಕೆಮ್ಮಿನ ಔಷಧಿಯೂ ಸಾಕು. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಷಾ ಎಂಟು ತಿಂಗಳು ಆಟದಿಂದ ದೂರ ಉಳಿಯಬೇಕಾದದ್ದು ಕೆಮ್ಮಿನ ಔಷಧಿಗಳಲ್ಲಿ ಸಾಮಾನ್ಯವಾಗಿರುವ ಟರ್ಬುಟಾಲಿನ್ ಎಂಬ ವಸ್ತುವಿನಿಂದ. ಅಂಗಡಿಯವರನ್ನು ಕೇಳಿ ತೆಗೆದುಕೊಳ್ಳುವ ಔಷಧಿಗೂ ಆಟಗಾರರೇ ಹೊಣೆ. ನಿಜವಾದ ಕಾಯಿಲೆಗೆ ವೈದ್ಯರ ಪತ್ರದೊಡನೆ ಮುಂಚಿತವಾಗಿ ಅನುಮತಿ ಪಡೆಯುವ ದಾರಿ ಕಾನೂನಿನಲ್ಲಿಯೇ ಇದೆ. ಅದು ಹಲವರಿಗೆ ತಿಳಿದಿಲ್ಲ.

ಮಾದರಿ ಕೊಡುವಾಗ ತುಂಬಬೇಕಾದ ನಮೂನೆಯಲ್ಲಿ ಒಂದು ಜಾಗವಿರುತ್ತದೆ: ಕಳೆದ ಏಳು ದಿನಗಳಲ್ಲಿ ಸೇವಿಸಿದ ಔಷಧಿ, ಮಾತ್ರೆ, ಶಕ್ತಿವರ್ಧಕಗಳ ಹೆಸರು. ಅಲ್ಲಿ 'ಸರ್ ಕೊಟ್ಟ ಬಿಳಿ ಮಾತ್ರೆ' ಎಂದು ಬರೆದರೆ ಅದು ಉತ್ತರವಾಗುವುದಿಲ್ಲ. ಆದ್ದರಿಂದ ಕೇಳುವ ಅಭ್ಯಾಸ ಆ ನಮೂನೆ ಎದುರಿಗೆ ಬರುವ ಎಷ್ಟೋ ವರ್ಷಗಳ ಮುಂಚೆಯೇ, ಹೋಬಳಿಯ ಮೈದಾನದಲ್ಲಿಯೇ ಹುಟ್ಟಬೇಕಾಗುತ್ತದೆ. ಕೇಳುವುದು ಅವಿಧೇಯತೆಯಲ್ಲ. ಕೇಳಿದ ಮಗುವನ್ನು ಗದರಿಸುವ ತರಬೇತುದಾರರಿಗೆ ತಮ್ಮ ಕೆಲಸದ ಅರ್ಧ ಭಾಗ ಇನ್ನೂ ತಿಳಿದಿಲ್ಲವೆಂದೇ ಹೇಳಬೇಕು.

ಆದರೆ ಈ ಭಾರವನ್ನೆಲ್ಲ ಮಗುವಿನ ಹೆಗಲಿಗೇ ಹೊರಿಸಿ ಹಿರಿಯರು ಕೈತೊಳೆದುಕೊಳ್ಳುವಂತಿಲ್ಲ. ಇದಕ್ಕೆ ಮಾದರಿಯನ್ನು ಹುಡುಕಿಕೊಂಡು ಲೂಸಾನಿಗೆ ಹೋಗಬೇಕಾಗಿಯೂ ಇಲ್ಲ. ಕರ್ನಾಟಕದ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಬೇಕೆಂಬ ನಿಯಮವಿದೆ. ನೋಡಿದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ಉಣಿಸುವವರು ಮೊದಲು ಹೊಣೆ ಹೊತ್ತು, ಆಮೇಲೆ ಮಕ್ಕಳು ಉಣ್ಣುವ ಪದ್ಧತಿ ಅದು. ಮಧ್ಯಾಹ್ನ ಒಂದು ಗಂಟೆಗೆ ಅನ್ನ ಸಾರಿಗೆ ಸಲ್ಲುವ ಈ ಎಚ್ಚರ, ಸಂಜೆ ಐದು ಗಂಟೆಗೆ ಅದೇ ಮಕ್ಕಳು ಮೈದಾನಕ್ಕೆ ಇಳಿದಾಗ ಏಕೆ ಸಲ್ಲಬಾರದು? ಕ್ರೀಡಾ ವಸತಿನಿಲಯಗಳಲ್ಲಿ, ತರಬೇತಿ ಶಿಬಿರಗಳಲ್ಲಿ, ಜಿಲ್ಲಾ ತಂಡ ಹೊರಡುವ ಬಸ್ಸಿನಲ್ಲಿ ಒಂದು ಪುಸ್ತಕವಿರಲಿ. ಯಾವ ಮಗುವಿಗೆ, ಯಾವ ದಿನ, ಯಾವ ಹೆಸರಿನ ಪುಡಿ ಅಥವಾ ಮಾತ್ರೆಯನ್ನು, ಯಾರು ಕೊಟ್ಟರೆಂದು ಅದರಲ್ಲಿ ಬರೆಯಲಿ. ಡಬ್ಬಿಯ ಚೀಟಿಯನ್ನು ಅಂಟಿಸಲಿ. ಕೊಟ್ಟವರು ಸಹಿ ಹಾಕಲಿ. ವಿಚಾರಣೆಯ ದಿನ ಬಂದರೆ ಓಟಗಾರ್ತಿಯ ಸೀಸೆಯ ಪಕ್ಕದಲ್ಲಿ ಇಡಲು ಆ ಪುಸ್ತಕವಿರುತ್ತದೆ. ಅಂಥ ದಿನ ಬಾರದಿದ್ದರೂ, ಸಹಿ ಹಾಕಬೇಕೆಂದ ಕೂಡಲೇ ಕೆಲವು ಡಬ್ಬಿಗಳು ಬಸ್ಸನ್ನು ಹತ್ತುವುದೇ ಇಲ್ಲ. ಪುಸ್ತಕಕ್ಕೆ ತಗಲುವ ವೆಚ್ಚ ಒಂದು ವಾಲಿಬಾಲಿನ ಬೆಲೆಗಿಂತ ಕಡಿಮೆ. ಅದನ್ನು ಯಾವ ಶಾಲೆಯಾದರೂ ಮುಂದಿನ ಹೋಬಳಿ ಕೂಟದಿಂದಲೇ ಆರಂಭಿಸಬಹುದು.